ಗುರುಮುಖದಿಂದ ಗ್ರಂಥಕ್ಕೆ: ಸುನ್ ಲುತಾಂಗ್ ನಡೆದ ದಾರಿ

1915ರಲ್ಲಿ ಚೀನಾದಲ್ಲಿ ಒಂದು ಪುಸ್ತಕ ಅಚ್ಚಾಗಿ ಹೊರಬಂತು. ಹೆಸರು ‘ಶಿಂಗ್‌ಯಿ ಚುವಾನ್ ಶುಯೆ’. ಶಿಂಗ್‌ಯಿ ಮುಷ್ಟಿವಿದ್ಯೆಯ ಅಧ್ಯಯನ ಎಂದು ಅದರರ್ಥ. ಪುಟ ತಿರುವಿದರೆ ಐವತ್ತು ದಾಟಿದ ವ್ಯಕ್ತಿಯೊಬ್ಬರ ಛಾಯಾಚಿತ್ರಗಳು ಕಾಣುತ್ತವೆ. ಒಂದು ಕೈ ಮುಂದಕ್ಕೆ ಚಾಚಿ, ಇನ್ನೊಂದು ಕೈ ಹೊಟ್ಟೆಯ ಬಳಿ ಇರಿಸಿ, ದೇಹದ ಭಾರವನ್ನು ಹಿಂದಿನ ಕಾಲಿಗೆ ಬಿಟ್ಟು ಅವರು ನಿಂತಿದ್ದಾರೆ. ಹೆಜ್ಜೆ ಎಲ್ಲಿರಬೇಕು, ಹೆಗಲು ಹೇಗೆ ಇಳಿದಿರಬೇಕು, ಉಸಿರು ಎಲ್ಲಿ ನೆಲೆಸಬೇಕು ಎಂಬುದರ ವಿವರಣೆ ಚಿತ್ರದ ಜತೆಗಿದೆ.

ಇಂದಿನ ಓದುಗರಿಗೆ ಇದರಲ್ಲಿ ವಿಶೇಷವೇನೂ ಕಾಣದು. ವ್ಯಾಯಾಮ, ಯೋಗಾಸನಗಳ ಸಚಿತ್ರ ಪುಸ್ತಕಗಳು ಪ್ರತಿ ಅಂಗಡಿಯಲ್ಲೂ ಸಿಗುತ್ತವೆ. ಆದರೆ ಅಂದಿನ ಚೀನಾದಲ್ಲಿ ಇದು ಸಣ್ಣ ಸಂಗತಿಯಾಗಿರಲಿಲ್ಲ. ಗುರು ಒಪ್ಪಿದ ಶಿಷ್ಯನಿಗೆ ಮಾತ್ರ, ಅದೂ ವರ್ಷಗಟ್ಟಲೆ ಸೇವೆಯ ನಂತರ, ಕಿವಿಯಿಂದ ಕಿವಿಗೆ ದಾಟುತ್ತಿದ್ದ ವಿದ್ಯೆ ಅದು. ಅದನ್ನು ಹಣ ಕೊಟ್ಟು ಕೊಳ್ಳಬಲ್ಲ ಯಾರ ಕೈಗಾದರೂ ಇಟ್ಟವರು ಸುನ್ ಲುತಾಂಗ್. ಒಂದು ಕಾಲಕ್ಕೆ ಕುಂಚದ ಅಂಗಡಿಯಲ್ಲಿ ಕೂಲಿಗಿದ್ದ ಹುಡುಗ. ಮುಂದೆ ಶಿಂಗ್‌ಯಿ, ಬಾಗುವಾ, ತಾಯ್‌ಚಿ ಎಂಬ ಮೂರು ‘ಅಂತರಂಗ’ ಸಮರಕಲೆಗಳನ್ನು ಒಂದೇ ಬದುಕಿನಲ್ಲಿ ಅರಗಿಸಿಕೊಂಡು, ಮೂರರ ಮೇಲೂ ಗ್ರಂಥ ರಚಿಸಿದವರು. ಚೀನೀ ಭಾಷೆ ಬಾರದ ಸಾವಿರಾರು ಅಭ್ಯಾಸಿಗಳು ಇಂದು ಈ ಕಲೆಗಳ ತತ್ತ್ವವನ್ನು ಅನುವಾದಗಳ ಮೂಲಕ ಅರಿಯಲು ಯತ್ನಿಸುತ್ತಿದ್ದಾರೆ. ಅವರು ತೆರೆಯುವ ಪುಸ್ತಕಗಳಲ್ಲಿ ಸುನ್ ಅವರ ಕೃತಿಗಳು ಮುಖ್ಯವಾದವು.

ಹಸಿವಿನ ಬಾಲ್ಯ

ಸುನ್ ಜನಿಸಿದ್ದು 1860ರಲ್ಲಿ, ಉತ್ತರ ಚೀನಾದ ಬಾವೋದಿಂಗ್ ನಗರಕ್ಕೆ ಹೊಂದಿಕೊಂಡ ವಾನ್ ಜಿಲ್ಲೆಯ ಹಳ್ಳಿಯೊಂದರಲ್ಲಿ. ಅಂದು ಝಿಲಿ ಎನಿಸಿದ್ದ ಆ ಪ್ರಾಂತ್ಯದ ಇಂದಿನ ಹೆಸರು ಹೆಬೇ. ಮನೆಯವರು ಇಟ್ಟ ಹೆಸರು ಫುಚುವಾನ್. ಲುತಾಂಗ್ ಎಂಬುದು ನಂತರ ಬಂದ ಹೆಸರು. ದೇಶಕ್ಕೆ ಅದು ದುರ್ದಿನಗಳ ಕಾಲ. ಅದೇ ವರ್ಷ ಬ್ರಿಟಿಷ್ ಮತ್ತು ಫ್ರೆಂಚ್ ಸೇನೆಗಳು ಬೀಜಿಂಗಿಗೆ ನುಗ್ಗಿ ಚಕ್ರವರ್ತಿಯ ಬೇಸಿಗೆ ಅರಮನೆಯನ್ನು ಸುಟ್ಟಿದ್ದವು. ದಕ್ಷಿಣದಲ್ಲಿ ತಾಯ್‌ಪಿಂಗ್ ದಂಗೆ ಉರಿಯುತ್ತಿತ್ತು.

ತಂದೆ ಬೇಗ ತೀರಿಕೊಂಡರು. ತಾಯಿ ಮತ್ತು ಮಗ ಬಡತನದ ಬಾಯಿಗೆ ಬಿದ್ದರು. ಹುಡುಗ ಸ್ವಲ್ಪ ಕಾಲ ಅಕ್ಷರ ಕಲಿತ. ಊರಿನ ಗುರುವೊಬ್ಬರ ಬಳಿ ಒಂದಿಷ್ಟು ಮುಷ್ಟಿವಿದ್ಯೆಯನ್ನೂ ಕಲಿತ. ಆದರೆ ಹೊಟ್ಟೆಗೆ ದಾರಿಯಿರಲಿಲ್ಲ. ಹೊಸ ವರ್ಷದ ಹಬ್ಬ ಹತ್ತಿರವಾದಾಗ ಮನೆಯಲ್ಲಿ ಅನ್ನಕ್ಕೂ ಗತಿಯಿಲ್ಲದೆ, ತಾಯಿಗೆ ತಾನೊಂದು ಹೊರೆಯಾದೆನೆಂಬ ಸಂಕಟದಲ್ಲಿ ಬಾಲಕ ಪ್ರಾಣ ಕಳೆದುಕೊಳ್ಳಲು ಹೊರಟಿದ್ದನೆಂದೂ, ದಾರಿಹೋಕರು ಕಂಡು ಉಳಿಸಿದರೆಂದೂ ಸುನ್ ಕುಟುಂಬ ನೆನಪಿಟ್ಟುಕೊಂಡಿದೆ. ಚೀನಾದ ಸಮರಕಲೆಯ ಚರಿತ್ರೆಯಲ್ಲಿ ಬಹು ಎತ್ತರಕ್ಕೇರಿದ ಬದುಕೊಂದು ಆರಂಭದಲ್ಲೇ ಮುಗಿದುಹೋಗಬಹುದಿತ್ತು.

ಆ ಬಳಿಕ ಬಾವೋದಿಂಗ್‌ನ ಕುಂಚದ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು. ಚೀನೀ ಲಿಪಿಯನ್ನು ಬರೆಯುವುದೇ ಕುಂಚದಿಂದ. ಹೀಗಾಗಿ ಅಂಗಡಿಗೆ ಬರುವವರು ಓದುಬರಹ ಬಲ್ಲವರೇ. ಹುಡುಗನಿಗೆ ಅಕ್ಷರದ ಸಹವಾಸ ಅಲ್ಲಿ ಮತ್ತೆ ದೊರೆಯಿತು. ಮುಂದೆ ಗ್ರಂಥ ಬರೆಯುವ ಕೈ ಮೊದಲು ಪಳಗಿದ್ದು ಮಾರಾಟದ ಕುಂಚಗಳ ನಡುವೆ.

ಸಂಕೋಲೆಯ ಗುರು, ಕನ್ನಡಕದ ಗುರು

ಬಾವೋದಿಂಗ್‌ನಲ್ಲಿಯೇ ಸುನ್ ಅವರಿಗೆ ಶಿಂಗ್‌ಯಿ ಗುರು ಲಿ ಕುಯಿಯುವಾನ್ ಅವರ ಪರಿಚಯವಾಯಿತು. ಶಿಂಗ್‌ಯಿ ಎಂದರೆ ಆಕಾರ ಮತ್ತು ಆಶಯ. ಮನಸ್ಸಿನಲ್ಲಿ ಮೂಡಿದ್ದು ದೇಹದಲ್ಲಿ ತಡೆಯಿಲ್ಲದೆ ರೂಪ ಪಡೆಯಬೇಕೆಂಬುದು ಅದರ ಗುರಿ. ಇದರ ಹೊರರೂಪ ಅತಿ ಸರಳ. ಸೀಳುವ, ಕೊರೆಯುವ, ನುಗ್ಗುವ, ಸಿಡಿಯುವ, ಅಡ್ಡಹಾಯುವ ಐದು ಮುಷ್ಟಿಗಳು. ಅವುಗಳನ್ನು ಕ್ರಮವಾಗಿ ಲೋಹ, ನೀರು, ಮರ, ಬೆಂಕಿ, ಮಣ್ಣು ಎಂಬ ಪಂಚತತ್ತ್ವಗಳಿಗೆ ಹೊಂದಿಸಲಾಗಿದೆ. ಅದರ ಮೇಲೆ ಹನ್ನೆರಡು ಪ್ರಾಣಿಗಳ ವರಸೆಗಳು. ಎಲ್ಲಕ್ಕೂ ತಳಹದಿ ‘ಸಾನ್‌ತಿ’ ಎಂಬ ಒಂದೇ ನಿಲುವು.

ಕಲಿಕೆ ಶುರುವಾಗುವುದು ಈ ನಿಲುವಿನಿಂದ. ಹೊಡೆತವಿಲ್ಲ, ಒದೆತವಿಲ್ಲ. ತಿಂಗಳುಗಟ್ಟಲೆ ಸುಮ್ಮನೆ ನಿಲ್ಲಬೇಕು. ತೊಡೆ ನಡುಗುತ್ತದೆ, ಹೆಗಲು ಬಿಗಿಯುತ್ತದೆ, ಮನಸ್ಸು ಓಡಿಹೋಗಲು ಹವಣಿಸುತ್ತದೆ. ಎಲ್ಲ ಬಿಗಿತವೂ ಕರಗಿ ದೇಹ ತನ್ನಷ್ಟಕ್ಕೆ ನಿಲ್ಲುವವರೆಗೆ ಗುರು ಮುಂದಿನ ಪಾಠ ಹೇಳುವುದಿಲ್ಲ. ಸುನ್ ಈ ಪರೀಕ್ಷೆಯಲ್ಲಿ ಗೆದ್ದರು. ಶಿಷ್ಯನ ಶ್ರದ್ಧೆ ಕಂಡ ಲಿ, ತಮ್ಮ ಗುರು ಗುವೊ ಯುನ್‌ಶೆನ್ ಅವರ ಬಳಿಗೇ ಅವರನ್ನು ಕಳುಹಿಸಿದರು.

ಗುವೊ ಅಂದು ಉತ್ತರ ಚೀನಾದಲ್ಲೆಲ್ಲ ಹೆಸರಾದವರು. ಕೊಲೆಯೊಂದರ ಸಂಬಂಧ ಸೆರೆಮನೆಯಲ್ಲಿದ್ದಾಗ ಕಾಲಿಗೆ ಸಂಕೋಲೆ ಇದ್ದುದರಿಂದ ಅರ್ಧ ಹೆಜ್ಜೆಯಷ್ಟೇ ಇಡಲು ಸಾಧ್ಯವಿತ್ತಂತೆ. ಆ ಅರ್ಧ ಹೆಜ್ಜೆಯಲ್ಲಿಯೇ ನುಗ್ಗುವ ಮುಷ್ಟಿಯನ್ನು ಸಾಧಿಸಿ ಎದುರಾಳಿಗಳನ್ನೆಲ್ಲ ಉರುಳಿಸಿದರಂತೆ. ಇದು ಶಿಷ್ಯವರ್ಗ ತಲೆಮಾರುಗಳಿಂದ ಹೇಳುತ್ತ ಬಂದ ಕಥೆ. ಗುರುವಿನ ಕುದುರೆಯ ಬಾಲ ಹಿಡಿದು ತರುಣ ಸುನ್ ಮೈಲುಗಟ್ಟಲೆ ಓಡುತ್ತಿದ್ದರೆಂಬ ಕಥೆಯೂ ಇಂಥದೇ. ಇವುಗಳಲ್ಲಿ ಎಷ್ಟು ನಿಜ, ಎಷ್ಟು ಅಲಂಕಾರ ಎಂಬ ಪ್ರಶ್ನೆ ಹಾಗಿರಲಿ. ಗುರುವಿನ ಜತೆಗೇ ಇದ್ದು, ಅವರ ಮಾತನ್ನು ಮನಸ್ಸಿನಲ್ಲಿ ಅಚ್ಚೊತ್ತಿಕೊಂಡ ಶಿಷ್ಯ ಸುನ್ ಎಂಬುದಕ್ಕೆ ಅವರು ಮುಂದೆ ಬರೆದ ಪುಸ್ತಕವೇ ಸಾಕ್ಷಿ.

ಎರಡನೆಯ ವಿದ್ಯೆ ದೊರೆತದ್ದು ಬೀಜಿಂಗಿನಲ್ಲಿ. ಚೆಂಗ್ ತಿಂಗ್‌ಹುವಾ ಎಂಬವರು ಅಲ್ಲಿ ಕನ್ನಡಕದ ವ್ಯಾಪಾರ ನಡೆಸುತ್ತಿದ್ದರು. ಊರಿಗೆಲ್ಲ ಅವರು ಕನ್ನಡಕದ ಚೆಂಗ್. ಬಾಗುವಾ ಕಲೆಯನ್ನು ಲೋಕಕ್ಕೆ ಪರಿಚಯಿಸಿದ ದೊಂಗ್ ಹಾಯ್‌ಚುವಾನ್ ಅವರ ಪ್ರಮುಖ ಶಿಷ್ಯರವರು. ಬಾಗುವಾ ಎಂದರೆ ಎಂಟು ರೇಖಾಚಿಹ್ನೆಗಳು. ಚೀನಾದ ಪ್ರಾಚೀನ ‘ಯಿ ಜಿಂಗ್’ ಗ್ರಂಥದ ಮೂಲಚಿಹ್ನೆಗಳಿವು. ಶಿಂಗ್‌ಯಿ ನೇರ ಗೆರೆಯಲ್ಲಿ ನುಗ್ಗಿದರೆ ಬಾಗುವಾ ವೃತ್ತದಲ್ಲಿ ಸುತ್ತುತ್ತದೆ. ಅಭ್ಯಾಸಿ ಗಂಟೆಗಟ್ಟಲೆ ವರ್ತುಲದ ಅಂಚಿನಲ್ಲಿ ನಡೆಯುತ್ತ, ತಿರುಗುತ್ತ, ಅಂಗೈಯ ವರಸೆ ಬದಲಿಸುತ್ತಾನೆ. ಈ ಕಲೆಯ ಒಳಗುಟ್ಟು ತಿಳಿಯಬೇಕಾದರೆ ಆ ಪ್ರಾಚೀನ ಗ್ರಂಥವನ್ನು ಓದಲೇಬೇಕೆಂದು ಸುನ್ ಅವರಿಗೆ ಮನವರಿಕೆಯಾಯಿತು. ಅದರ ಅರ್ಥ ಅರಸಿ ಅವರು ದೂರದ ಪ್ರಾಂತ್ಯಗಳಿಗೆ, ಪರ್ವತಗಳ ಮಠಗಳಿಗೆ ಪ್ರಯಾಣ ಮಾಡಿದರೆಂದು ಪರಂಪರೆ ಹೇಳುತ್ತದೆ. ಗರಡಿಯ ಹುಡುಗ ಗ್ರಂಥದ ವಿದ್ಯಾರ್ಥಿಯಾದದ್ದು ಹೀಗೆ.

ಸೋಲಿನ ನಂತರದ ಪ್ರಶ್ನೆ

1900ರಲ್ಲಿ ಚೀನಾದ ಸಮರಕಲೆಗೆ ದೊಡ್ಡ ಪೆಟ್ಟು ಬಿತ್ತು. ವಿದೇಶಿಯರ ವಿರುದ್ಧ ಎದ್ದ ಯಿಹೆತುವಾನ್ ದಂಗೆಕೋರರು ಮುಷ್ಟಿವಿದ್ಯೆ, ಮಂತ್ರ, ತಾಯಿತಗಳ ಬಲದಿಂದ ಗುಂಡೂ ತಮಗೆ ತಾಗದೆಂದು ನಂಬಿದ್ದರು. ಪಾಶ್ಚಾತ್ಯರು ಇದನ್ನು ಬಾಕ್ಸರ್ ದಂಗೆ ಎಂದು ಕರೆದರು. ಆಗಸ್ಟ್‌ನಲ್ಲಿ ಎಂಟು ದೇಶಗಳ ಸೇನೆ ಬೀಜಿಂಗನ್ನು ವಶಪಡಿಸಿಕೊಂಡಿತು. ಬ್ರಿಟಿಷ್ ಪಡೆಯಲ್ಲಿ ಭಾರತೀಯ ಸಿಪಾಯಿಗಳೂ ಇದ್ದರು. ಬಂದೂಕಿನ ಮುಂದೆ ತಾಯಿತ ನಿಲ್ಲಲಿಲ್ಲ. ಅದೇ ವರ್ಷ ಕನ್ನಡಕದ ಚೆಂಗ್ ಕೂಡ ಸತ್ತರು. ನಗರದಲ್ಲಿ ಜರ್ಮನ್ ಸೈನಿಕರನ್ನು ಎದುರಿಸುವಾಗ ಗುಂಡೇಟಿಗೆ ಬಲಿಯಾದರೆಂದು ಹೇಳಲಾಗುತ್ತದೆ.

ಗುರುವನ್ನು ಕಳೆದುಕೊಂಡ ಸುನ್ ಮುಂದೆ ಕಠಿಣ ಪ್ರಶ್ನೆಯೊಂದು ನಿಂತಿತ್ತು. ಗುಂಡಿನ ಯುಗದಲ್ಲಿ ಮುಷ್ಟಿವಿದ್ಯೆಗೆ ಏನು ಕೆಲಸ? ಮರುವರ್ಷ ಸಾಮ್ರಾಜ್ಯವೇ ಬಿಲ್ಲುಬಾಣಗಳ ಹಳೆಯ ಸೈನಿಕ ಪರೀಕ್ಷೆಯನ್ನು ರದ್ದುಮಾಡಿತು. ಸುಶಿಕ್ಷಿತ ತರುಣರ ಕಣ್ಣಿನಲ್ಲಿ ಗರಡಿ ಎಂದರೆ ಮೂಢನಂಬಿಕೆ, ಗೂಂಡಾಗಿರಿ. ಬೆಂಗಾವಲು ಕಾವಲುಗಾರರಾಗಿ ಹೊಟ್ಟೆ ಹೊರೆಯುತ್ತಿದ್ದ ಪೈಲ್ವಾನರಿಗೂ ರೈಲು ಬಂದ ಮೇಲೆ ಉದ್ಯೋಗ ಕುಗ್ಗತೊಡಗಿತು. ಗುರುಗಳು ಒಬ್ಬೊಬ್ಬರಾಗಿ ಕಣ್ಮುಚ್ಚಿದರೆ ವಿದ್ಯೆಯೂ ಅವರೊಂದಿಗೇ ಮಣ್ಣು ಸೇರುವ ಕಾಲ ಅದು.

1907ರಲ್ಲಿ ಹಿರಿಯ ಅಧಿಕಾರಿ ಶು ಶಿಛಾಂಗ್ ಈಶಾನ್ಯದ ಮೂರು ಪ್ರಾಂತ್ಯಗಳ ರಾಜಪ್ರತಿನಿಧಿಯಾಗಿ ಹೋದಾಗ ಸುನ್ ಅವರನ್ನೂ ಕರೆದೊಯ್ದರು. ಅಧಿಕಾರಿಗಳ, ವಿದ್ವಾಂಸರ ವಲಯದೊಂದಿಗೆ ಬೆಳೆದ ಈ ಒಡನಾಟ ಮುಂದೆ ಗ್ರಂಥರಚನೆಗೆ ಒದಗಿಬಂತು. 1911ರ ಕ್ರಾಂತಿಯ ಬಳಿಕ ಬೀಜಿಂಗಿನಲ್ಲಿ ಸ್ಥಾಪನೆಯಾದ ದೈಹಿಕ ಶಿಕ್ಷಣ ಸಂಶೋಧನಾ ಸಂಘದಲ್ಲಿ ಅವರು ಬೋಧಕರಾದರು. ಅಲ್ಲಿಗೆ ಬರುತ್ತಿದ್ದ ಶಾಲಾ ಶಿಕ್ಷಕರು, ನೌಕರರು, ವಿದ್ಯಾರ್ಥಿಗಳಿಗೆ ಹೊಡೆದಾಟಕ್ಕಿಂತ ಆರೋಗ್ಯದ ಮೇಲೆ ಆಸಕ್ತಿ ಹೆಚ್ಚು. ಪುಸ್ತಕವಿದ್ದರೆ ಓದಬಲ್ಲ ಶಿಷ್ಯರು ಇವರು.

ರೋಗಿಯ ಆರೈಕೆ

ಮೂರನೆಯ ವಿದ್ಯೆ ಬಂದದ್ದು ಆಕಸ್ಮಿಕವಾಗಿ. ಗಣರಾಜ್ಯದ ಮೊದಲ ವರ್ಷಗಳಲ್ಲಿ ತಾಯ್‌ಚಿ ಗುರು ಹಾವೋ ವೇಯ್‌ಝೆನ್ ಬೀಜಿಂಗಿಗೆ ಬಂದಿದ್ದರು. ಪರಸ್ಥಳದಲ್ಲಿ ಅವರು ಕಾಯಿಲೆ ಬಿದ್ದರು. ಸುನ್ ವೈದ್ಯರನ್ನು ಕರೆಸಿ, ಔಷಧ, ಪಥ್ಯ ನೋಡಿಕೊಂಡು ಗುಣಪಡಿಸಿದರು. ಚೇತರಿಸಿಕೊಂಡ ಹಾವೋ, ಕೃತಜ್ಞತೆಯಿಂದ ತಮ್ಮ ವಿದ್ಯೆಯನ್ನು ಧಾರೆಯೆರೆದರು. ಸುನ್ ಅವರಿಗೆ ಆಗ ಐವತ್ತು ದಾಟಿತ್ತು. ಸ್ವತಃ ಪ್ರಸಿದ್ಧ ಗುರುವಾಗಿದ್ದವರು ಮತ್ತೆ ಶಿಷ್ಯನಾಗಿ ಮೊದಲ ಪಾಠದಿಂದ ಆರಂಭಿಸಿದರು.

ಹಾವೋ ಅವರೊಂದಿಗೆ ಬಂದದ್ದು ವರಸೆಗಳಷ್ಟೇ ಅಲ್ಲ, ಒಂದು ಬರಹದ ಪರಂಪರೆ ಕೂಡ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಹೆನಾನ್ ಪ್ರಾಂತ್ಯದ ವುಯಾಂಗ್‌ನಲ್ಲಿ ಅಧಿಕಾರಿಯಾಗಿದ್ದ ವು ಛೆಂಗ್‌ಚಿಂಗ್ ಎಂಬವರಿಗೆ ಉಪ್ಪಿನ ಅಂಗಡಿಯೊಂದರಲ್ಲಿ ಹಸ್ತಪ್ರತಿಯೊಂದು ಸಿಕ್ಕಿತೆಂದು ಪ್ರತೀತಿ. ವಾಂಗ್ ಝೊಂಗ್‌ಯುಯೆ ಎಂಬ ಹಿಂದಿನ ಗುರುವಿನ ಹೆಸರಿನಲ್ಲಿರುವ ಆ ಪುಟ್ಟ ಬರಹವನ್ನು ತಾಯ್‌ಚಿಯ ಮೂಲಶಾಸ್ತ್ರವೆಂದು ಇಂದು ಗೌರವಿಸಲಾಗುತ್ತದೆ. ಅದು ಅವರ ತಮ್ಮ ವು ಯುಶಿಯಾಂಗ್ ಅವರ ಕೈಸೇರಿ, ಅಲ್ಲಿಂದ ಸೋದರಳಿಯ ಲಿ ಯಿಯು ಅವರಿಗೆ ಬಂತು. ಲಿ 1881ರ ಹೊತ್ತಿಗೆ ಇದರ ಜತೆ ತಮ್ಮ ಅನುಭವದ ಟಿಪ್ಪಣಿಗಳನ್ನೂ ಸೇರಿಸಿ ಕೈಬರಹದ ಮೂರು ಪ್ರತಿ ಮಾಡಿದರು. ಒಂದನ್ನು ತಾವು ಇರಿಸಿಕೊಂಡು, ಒಂದನ್ನು ತಮ್ಮನಿಗೂ ಇನ್ನೊಂದನ್ನು ಶಿಷ್ಯ ಹಾವೋ ಅವರಿಗೂ ಕೊಟ್ಟರು. ಇಡೀ ಜಗತ್ತಿಗೆ ಮೂರೇ ಪ್ರತಿ! ಆ ಶಿಷ್ಯರಿಂದಲೇ ಸುನ್ ಪಾಠ ಹೇಳಿಸಿಕೊಂಡರು. ಲಿ ಯಿಯು ಅವರ ಬರಹಗಳನ್ನು ತಮ್ಮ ತಾಯ್‌ಚಿ ಗ್ರಂಥದ ಕೊನೆಗೆ ಸೇರಿಸಿ ಅಚ್ಚುಹಾಕಿಸಿದರು. ಮೂರು ಮನೆಗಳ ಪೆಟ್ಟಿಗೆಯಲ್ಲಿದ್ದುದು ಸಾರ್ವಜನಿಕರ ಸೊತ್ತಾಯಿತು.

ಐದು ಪುಸ್ತಕಗಳು

ಶಿಂಗ್‌ಯಿ ಕುರಿತ ಮೊದಲ ಗ್ರಂಥದ ಬೆನ್ನಿಗೇ ಬಾಗುವಾ ಕುರಿತ ಗ್ರಂಥ ಸಿದ್ಧವಾಯಿತು. ತಾಯ್‌ಚಿ ಗ್ರಂಥದ ಮುನ್ನುಡಿ 1919ರದು; ಪ್ರಕಟವಾದದ್ದು 1921ರಲ್ಲಿ. 1924ರಲ್ಲಿ ‘ಚುವಾನ್ ಯಿ ಶು ಝೆನ್’ ಬಂತು. ಆಮೇಲೆ ಬಾಗುವಾ ಖಡ್ಗವಿದ್ಯೆಯ ಮೇಲೆ ಇನ್ನೊಂದು. ಅಷ್ಟರಲ್ಲಿ ಹಳೆಯ ಪೋಷಕ ಶು ಶಿಛಾಂಗ್ ಗಣರಾಜ್ಯದ ಅಧ್ಯಕ್ಷರಾಗಿ, ಸುನ್ ಅವರಿಗೆ ಅಧ್ಯಕ್ಷರ ಕಾರ್ಯಾಲಯದಲ್ಲಿ ಸ್ಥಾನವೂ ದೊರೆತಿತ್ತು.

ಈ ಗ್ರಂಥಗಳು ಸಾರುವ ಮಾತು ಒಂದೇ. ಮೂರು ಕಲೆಗಳ ಹೊರರೂಪ ಬೇರೆ, ಒಳತತ್ತ್ವ ಒಂದೇ. ಮೂರರ ಪಾಠವೂ ‘ವುಜಿ’ ಎಂಬ ಸ್ಥಿತಿಯಿಂದ ಆರಂಭವಾಗುತ್ತದೆ. ಹಿಂದುಮುಂದು, ಎಡಬಲ, ಚಲನೆ ನಿಶ್ಚಲತೆ ಎಂಬ ಯಾವ ಭೇದವೂ ಹುಟ್ಟದ, ಸುಮ್ಮನೆ ನಿಂತ ಸ್ಥಿತಿಯದು. ಅಲ್ಲಿಂದ ಮನಸ್ಸಿನಲ್ಲಿ ಒಂದು ಅಲುಗಾಟ ಮೂಡಿದಾಗ ತಾಯ್‌ಚಿ, ಅಂದರೆ ಯಿನ್ ಮತ್ತು ಯಾಂಗ್‌ಗಳ ಆರಂಭ. ಹೊಡೆತದ ಪುಸ್ತಕವೊಂದು ಸೃಷ್ಟಿಯ ವಿಚಾರದಿಂದ ಶುರುವಾಗುವುದನ್ನು ಕಂಡು ಅಂದಿನ ಓದುಗರು ಬೆರಗಾಗಿದ್ದರೆ ಆಶ್ಚರ್ಯವಿಲ್ಲ.

‘ಚುವಾನ್ ಯಿ ಶು ಝೆನ್’ ಇನ್ನೂ ವಿಶಿಷ್ಟ. ಹೆಸರಿನ ‘ಶು’ ಎಂಬ ಪದಕ್ಕೆ ಕೇಳಿದ್ದನ್ನು ಇದ್ದಂತೆ ಮುಂದಕ್ಕೆ ದಾಟಿಸುವುದು ಎಂಬರ್ಥವಿದೆ. ಮೂರೂ ಕಲೆಗಳ ಹಿರಿಯರ ಸಂಕ್ಷಿಪ್ತ ಜೀವನಗಳನ್ನೂ, ಅವರು ಹೇಳಿಕೊಟ್ಟ ವಿಚಾರಗಳನ್ನೂ ಅವರವರ ಹೆಸರಿನಲ್ಲಿಯೇ ಸುನ್ ದಾಖಲಿಸಿದರು. ಗುರುವಿನ ಮಾತನ್ನು ತನ್ನದೆಂದು ಹೇಳಿಕೊಳ್ಳಲಿಲ್ಲ. ಕೊನೆಯ ಅಧ್ಯಾಯದಲ್ಲಷ್ಟೇ ತಮ್ಮ ಅನುಭವ ಬರೆದರು.

ಗುವೊ ಯುನ್‌ಶೆನ್ ಅವರ ಹೆಸರಿನ ಭಾಗದಲ್ಲಿ ಸಾಧನೆಯ ಮೂರು ಮೆಟ್ಟಿಲುಗಳ ವಿವರಣೆಯಿದೆ. ಮೊದಲನೆಯದು ಪ್ರಕಟ ಬಲ: ಚಲನೆ ಅಚ್ಚುಕಟ್ಟಾಗಿ, ಬಲ ಕಣ್ಣಿಗೆ ಕಾಣುವಂತಿರುವ ಹಂತ. ಇದರಿಂದ ಮೂಳೆ ಗಟ್ಟಿಯಾಗುತ್ತದೆ. ಎರಡನೆಯದು ಗುಪ್ತ ಬಲ: ಹೊರಗೆ ಮೃದು, ಒಳಗೆ ತುಂಬಿದ ಹಂತ. ಇದರಿಂದ ಸ್ನಾಯುಗಳು ಮಾರ್ಪಡುತ್ತವೆ. ಮೂರನೆಯದು ಕರಗಿದ ಬಲ: ಶ್ರಮವೇ ಇಲ್ಲದಂತೆ, ಮನಸ್ಸು ಚಲಿಸಿದಂತೆ ದೇಹ ಚಲಿಸುವ ಹಂತ. ಇದನ್ನು ಮಜ್ಜೆಯನ್ನು ತೊಳೆಯುವುದಕ್ಕೆ ಹೋಲಿಸಲಾಗಿದೆ. ಇದೇ ಏಣಿಯನ್ನು ದಾವೋ ಸಾಧಕರ ಧ್ಯಾನದ ಹಂತಗಳಿಗೂ ಜೋಡಿಸಲಾಗಿದೆ. ಎದುರಾಳಿಯನ್ನು ಕೆಡಹುವ ವಿದ್ಯೆ ಹೀಗೆ ತನ್ನನ್ನು ತಾನು ತಿದ್ದಿಕೊಳ್ಳುವ ವಿದ್ಯೆಯಾಯಿತು. 1900ರ ಸೋಲು ಎತ್ತಿದ ಪ್ರಶ್ನೆಗೆ ಸುನ್ ಕೊಟ್ಟ ಉತ್ತರವಿದು.

ಪದದ ತೊಡಕು

ಈ ಗ್ರಂಥಗಳನ್ನು ಅನುವಾದದಲ್ಲಿ ಓದುವವರು ಎಡವುವುದು ಪದಗಳಲ್ಲಿಯೇ. ಮೊದಲ ತೊಡಕು ‘ತಾಯ್‌ಚಿ’ ಎಂಬ ಹೆಸರಿನಲ್ಲೇ ಇದೆ. ಅದರ ‘ಚಿ’ಯೇ ಉಸಿರು, ಚೈತನ್ಯ ಎಂಬರ್ಥದ ‘ಚಿ’ ಎಂದು ಅನೇಕರು ತಿಳಿದಿದ್ದಾರೆ. ಚೀನೀ ಲಿಪಿಯಲ್ಲಿ ಇವೆರಡೂ ಬೇರೆ ಅಕ್ಷರಗಳು, ಉಚ್ಚಾರವೂ ಬೇರೆ. ಮೊದಲನೆಯದಕ್ಕೆ ಅರ್ಥ ತುದಿ, ಪರಮಾವಧಿ. ಹಳೆಯ ಇಂಗ್ಲಿಷ್ ಬರವಣಿಗೆಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ರೂಪ ತಾಳಿದ್ದರಿಂದ ಈ ಗೊಂದಲ ಲೋಕಕ್ಕೆಲ್ಲ ಹಬ್ಬಿತು.

ಎರಡನೆಯ ‘ಚಿ’ಯನ್ನು ಭಾರತೀಯ ಓದುಗರು ಕೂಡಲೇ ಪ್ರಾಣ ಎಂದು ಅರ್ಥ ಮಾಡಿಕೊಳ್ಳುತ್ತಾರೆ. ಸಮೀಪದ ಪದ ನಿಜ. ಆದರೆ ಚೀನೀಯರ ‘ಚಿ’ ಹವೆ, ಆವಿ, ಕೋಪ, ಗಾಂಭೀರ್ಯ ಎಲ್ಲವನ್ನೂ ಒಳಗೊಳ್ಳುವ ದಿನಬಳಕೆಯ ಮಾತು. ‘ಜಿನ್’ ಎಂಬ ಪದವನ್ನು ಶಕ್ತಿ ಎಂದು ಅನುವಾದಿಸಿದರೆ ತೋಳ್ಬಲದ ಚಿತ್ರ ಬರುತ್ತದೆ. ಗ್ರಂಥ ಹೇಳುವುದು ಸಡಿಲಗೊಂಡ ದೇಹವು ಪಾದದಿಂದ ಬೆರಳ ತುದಿಯವರೆಗೆ ಒಂದಾಗಿ ಚಲಿಸಿದಾಗ ಹುಟ್ಟುವ, ಪಳಗಿದ ಬಲವನ್ನು. ಅದು ಬರೀ ತೋಳ್ಬಲಕ್ಕೆ ವಿರುದ್ಧವಾದದ್ದು. ಒಂದು ಪದ ತಪ್ಪಿದರೆ ಅಭ್ಯಾಸಿ ವರ್ಷಗಟ್ಟಲೆ ತಪ್ಪು ದಿಕ್ಕಿನಲ್ಲಿ ಬೆವರು ಸುರಿಸಬೇಕಾಗುತ್ತದೆ.

ಸುನ್ ಗ್ರಂಥಗಳ ಬೆಲೆ ತಿಳಿಯುವುದು ಇಲ್ಲಿಯೇ. ತತ್ತ್ವದ ಪದ ಕೈಕೊಟ್ಟಲ್ಲಿ ಛಾಯಾಚಿತ್ರ ನೆರವಿಗೆ ಬರುತ್ತದೆ. ಚಿತ್ರ ಮೂಕವಾದಲ್ಲಿ ಮೊಣಕೈ, ಮೊಣಕಾಲು, ನಾಲಿಗೆ, ದೃಷ್ಟಿಗಳ ವಿವರ ಮಾತನಾಡುತ್ತದೆ. ಆದರೂ ಹೆಗಲು ಇಳಿದಿದೆ ಎಂದು ಭಾವಿಸಿಕೊಂಡವನ ಹೆಗಲು ನಿಜಕ್ಕೂ ಇಳಿದಿಲ್ಲವೆಂದು ಪುಸ್ತಕ ಹೇಳಲಾರದು. ಅದನ್ನು ಗುರುವಿನ ಬೆರಳು ಮಾತ್ರ ಮುಟ್ಟಿ ಹೇಳಬಲ್ಲದು. ಸುನ್ ಬರೆಯುತ್ತಲೇ ಕೊನೆಯವರೆಗೂ ಪಾಠ ಹೇಳುವುದನ್ನು ಬಿಡಲಿಲ್ಲವೆಂಬುದು ಗಮನಾರ್ಹ.

ಟೀಕೆಯ ಬಿರುಗಾಳಿ

ಸುನ್ ಅವರ ಎಲ್ಲ ಮಾತನ್ನೂ ಕಾಲ ಒಪ್ಪಲಿಲ್ಲ. ಅವರು ಬರೆಯುತ್ತಿದ್ದ ದಿನಗಳಲ್ಲೇ ಬೀಜಿಂಗಿನಲ್ಲಿ ಹೊಸ ಸಂಸ್ಕೃತಿ ಚಳವಳಿ ಭುಗಿಲೆದ್ದಿತ್ತು. 1918ರಲ್ಲಿ ಸಾಹಿತಿ ಲು ಶುನ್, ಮುಷ್ಟಿವಿದ್ಯೆಯನ್ನು ಶಾಲೆಗಳಿಗೆ ತರುವ ಉತ್ಸಾಹವನ್ನು ಕಟುವಾಗಿ ಟೀಕಿಸಿ, 1900ರ ದುರಂತವನ್ನು ನೆನಪಿಸಿದರು. 1930ರ ದಶಕದಲ್ಲಿ ತಾಂಗ್ ಹಾವೋರಂಥ ಸಂಶೋಧಕರು ಕಲೆಗಳ ಮೂಲದ ಬಗೆಗಿನ ದಂತಕಥೆಗಳನ್ನು ಒಂದೊಂದಾಗಿ ಕೆಡವಿದರು.

ಆ ದಂತಕಥೆಗಳಲ್ಲಿ ಒಂದಕ್ಕೆ ಭಾರತದ ನಂಟಿದೆ. ಶಿಂಗ್‌ಯಿಯ ಮೂಲವನ್ನು ಸುನ್, ಪರಂಪರೆಯ ಮಾತಿನಂತೆ, ಭಾರತದಿಂದ ಚೀನಾಕ್ಕೆ ಹೋದ ಬೌದ್ಧ ಭಿಕ್ಷು ಬೋಧಿಧರ್ಮನವರೆಗೆ ಒಯ್ಯುತ್ತಾರೆ. ಸ್ನಾಯು ಮಾರ್ಪಡಿಸುವ, ಮಜ್ಜೆ ತೊಳೆಯುವ ಎರಡು ಶಾಸ್ತ್ರಗಳು ಬೋಧಿಧರ್ಮನವು ಎಂಬುದು ಅಂದಿನ ಸಾಮಾನ್ಯ ನಂಬಿಕೆ. ಆದರೆ ಸ್ನಾಯುಶಾಸ್ತ್ರ ರಚನೆಯಾದದ್ದು 1624ರ ಆಸುಪಾಸಿನಲ್ಲಿ, ಅಂದರೆ ಬೋಧಿಧರ್ಮನಿಗಿಂತ ಸುಮಾರು ಸಾವಿರ ವರ್ಷ ಈಚೆಗೆ ಎಂದು ಇತಿಹಾಸಕಾರರು ತೋರಿಸಿಕೊಟ್ಟಿದ್ದಾರೆ. ಭಾರತೀಯರಿಗೆ ಹೆಮ್ಮೆ ತರುವ ಕಥೆಯಾದರೂ ಚರಿತ್ರೆಯ ಆಧಾರ ಅದಕ್ಕಿಲ್ಲ. ಸುನ್ ಇತಿಹಾಸಕಾರರಾಗಿರಲಿಲ್ಲ; ಕೇಳಿದ್ದನ್ನು ಕೇಳಿದಂತೆ ಬರೆದರು. ಮೂಲದ ಕಥೆ ಬಿದ್ದರೂ, ದೇಹದ ಬಗ್ಗೆ ತಾವು ಪರೀಕ್ಷಿಸಿ ಬರೆದ ಭಾಗ ಉಳಿಯಿತು.

ಕೊನೆಯ ವರ್ಷಗಳು

1928ರಲ್ಲಿ ನಾನ್‌ಜಿಂಗ್‌ನಲ್ಲಿ ಕೇಂದ್ರೀಯ ರಾಷ್ಟ್ರಕಲಾ ಸಂಸ್ಥೆ ಆರಂಭವಾಯಿತು. ಸಮರಕಲೆಗೆ ರಾಷ್ಟ್ರಕಲೆ ಎಂಬ ಹೊಸ ಹೆಸರು ಬಂದಿತ್ತು. ಅಂತರಂಗ ಕಲೆಗಳಿಗೆ ಮೀಸಲಾದ ವುದಾಂಗ್ ವಿಭಾಗದ ಮುಖ್ಯಸ್ಥರಾಗಿ ಸುನ್ ಅವರನ್ನು ಆಹ್ವಾನಿಸಲಾಯಿತು. ಅಲ್ಲಿ ಅವರು ಬಹುಕಾಲ ನಿಲ್ಲಲಿಲ್ಲ. ಬೇಗನೆ ಜಿಯಾಂಗ್‌ಸು ಪ್ರಾಂತೀಯ ಸಂಸ್ಥೆಗೆ ತೆರಳಿ ಅಲ್ಲಿನ ಶಿಕ್ಷಣದ ಹೊಣೆ ಹೊತ್ತರು. 1929ರಲ್ಲಿ ಹಾಂಗ್‌ಝೌ ನಗರದಲ್ಲಿ ನಡೆದ ಪ್ರಸಿದ್ಧ ಕದನ ಸ್ಪರ್ಧೆಯ ತೀರ್ಪುಗಾರರ ಮಂಡಳಿಯಲ್ಲಿಯೂ ಇದ್ದರು.

1931ರ ಸೆಪ್ಟೆಂಬರಿನಲ್ಲಿ ಜಪಾನ್ ಈಶಾನ್ಯ ಚೀನಾದ ಮೇಲೆ ದಾಳಿ ಮಾಡಿತು. ಆ ಬಳಿಕ ಸುನ್ ಹುದ್ದೆ ತೊರೆದು ಉತ್ತರಕ್ಕೆ ಮರಳಿದರು. 1933ರ ಡಿಸೆಂಬರಿನಲ್ಲಿ, ಒಮ್ಮೆ ಹಸಿದು ಅಲೆದಿದ್ದ ಅದೇ ಹುಟ್ಟೂರಿನಲ್ಲಿ ಕಣ್ಮುಚ್ಚಿದರು. ತಮ್ಮ ಸಾವಿನ ದಿನವನ್ನು ಮೊದಲೇ ಹೇಳಿ, ನೆಟ್ಟಗೆ ಕುಳಿತೇ ಪ್ರಾಣಬಿಟ್ಟರೆಂದು ಶಿಷ್ಯರು ಹೇಳಿಕೊಳ್ಳುತ್ತಾರೆ.

ಮಗಳ ಕೈಯಲ್ಲಿ

ಸುನ್ ಅವರ ವಿದ್ಯೆಯನ್ನು ಮಗ ಸುನ್ ಚುನ್‌ಝೌ ಮುಂದುವರಿಸಿದರು. ಆದರೆ ಹೆಚ್ಚು ಕಾಲ ಉಳಿಸಿಕೊಂಡವರು ಮಗಳು ಸುನ್ ಜಿಯಾನ್‌ಯುನ್. ಹೆಣ್ಣುಮಕ್ಕಳಿಗೆ ಗರಡಿಯ ಬಾಗಿಲು ಮುಚ್ಚಿದ್ದ ಕಾಲದಲ್ಲಿ ತಂದೆ ಮಗಳಿಗೆ ಪೂರ್ಣ ವಿದ್ಯೆ ಕಲಿಸಿದ್ದರು. ಚಿತ್ರಕಲೆಯಲ್ಲಿಯೂ ಪರಿಣತರಾಗಿದ್ದ ಅವರು 1957ರಲ್ಲಿ ಸುನ್ ಶೈಲಿಯ ತಾಯ್‌ಚಿ ಕುರಿತು ಸರಳ ಭಾಷೆಯಲ್ಲಿ ಪುಸ್ತಕ ಪ್ರಕಟಿಸಿದರು. ಯುದ್ಧ, ಕ್ರಾಂತಿ, ಸಾಂಸ್ಕೃತಿಕ ಕ್ರಾಂತಿಯ ಕಷ್ಟಗಳನ್ನು ದಾಟಿ, ಬೀಜಿಂಗಿನಲ್ಲಿ ಇಳಿವಯಸ್ಸಿನವರೆಗೂ ಪಾಠ ಹೇಳಿದರು.

ಸುನ್ ಶೈಲಿಯ ತಾಯ್‌ಚಿ ನೋಡಿದೊಡನೆ ಗುರುತಿಸಬಹುದಾದದ್ದು. ನಿಲುವು ಎತ್ತರ. ಒಂದು ಕಾಲು ಮುಂದಿಟ್ಟರೆ ಇನ್ನೊಂದು ತಾನಾಗಿ ಹಿಂಬಾಲಿಸುತ್ತದೆ; ಇದು ಶಿಂಗ್‌ಯಿಯ ಕೊಡುಗೆ. ತಿರುವುಗಳಲ್ಲಿ ಬಾಗುವಾ ಕಾಣುತ್ತದೆ. ದಿಕ್ಕು ಬದಲಾದಾಗಲೆಲ್ಲ ಎದೆಯ ಮುಂದೆ ಅಂಗೈಗಳು ಹೂವಿನಂತೆ ತೆರೆದು ಮುಚ್ಚುತ್ತವೆ. ಮಂಡಿಗೆ ಹೆಚ್ಚು ಭಾರ ಬೀಳದ ಈ ಗುಣದಿಂದಾಗಿಯೇ 1997ರಲ್ಲಿ ಆಸ್ಟ್ರೇಲಿಯಾದ ವೈದ್ಯ ಪಾಲ್ ಲ್ಯಾಮ್ ಸಂಧಿವಾತದ ರೋಗಿಗಳಿಗಾಗಿ ರೂಪಿಸಿದ ವ್ಯಾಯಾಮಕ್ಕೆ ಸುನ್ ಶೈಲಿಯನ್ನೇ ಆಧಾರವಾಗಿಟ್ಟುಕೊಂಡರು. ಒಮ್ಮೆ ಕದನಕ್ಕೆಂದು ಹುಟ್ಟಿದ ಹೆಜ್ಜೆ ಇಂದು ಹಲವು ದೇಶಗಳಲ್ಲಿ ವೃದ್ಧರ ಮಂಡಿನೋವಿಗೆ ಉಪಶಮನವಾಗಿದೆ. 2020ರಲ್ಲಿ ಯುನೆಸ್ಕೊ ತಾಯ್‌ಚಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

2003ರಲ್ಲಿ ಎರಡು ಘಟನೆಗಳು ನಡೆದವು. ಸುನ್ ಲುತಾಂಗ್ ಅವರ ತಾಯ್‌ಚಿ ಗ್ರಂಥ ಟಿಮ್ ಕಾರ್ಟ್‌ಮೆಲ್ ಅವರ ಇಂಗ್ಲಿಷ್ ಅನುವಾದದಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬೀಜಿಂಗಿನಲ್ಲಿ ಸುನ್ ಜಿಯಾನ್‌ಯುನ್ ನಿಧನರಾದರು. ತಂದೆಯ ಕೈ ಮುಟ್ಟಿ ತಿದ್ದಿದ ಹೆಗಲು ಅವರದು. ಅಂಥ ಮುಟ್ಟುವಿಕೆಯನ್ನು ಬಲ್ಲ ತಲೆಮಾರು ಮರೆಯಾದ ವರ್ಷವೇ ಪುಸ್ತಕ ಇನ್ನೊಂದು ಭಾಷೆಗೆ ದಾಟಿತು. ಮಿಕ್ಕ ಅರ್ಧವನ್ನು ಓದುಗರು ತಾವೇ ನಿಂತು, ಶಿಷ್ಯರ ಶಿಷ್ಯರನ್ನು ಹುಡುಕಿಕೊಂಡು ಹೋಗಿ ಕಲಿಯಬೇಕಾಗಿದೆ.